ಆರಡಿ, ನಾಲ್ಕಡಿ

ಹಲಗೆ ಆರಡಿ ಅಗಲ, ನಾಲ್ಕಡಿ ಎತ್ತರ.
ಇದರೊಳಗೆ ಊರು ಹಿಡಿಸಬೇಕು ಅಂದರು
ಮುಖ್ಯಾಧಿಕಾರಿ ಶಾಂತಮಲ್ಲಪ್ಪನವರು:
ಹೆಸರು, ಚರಿತ್ರೆ ಎರಡು ಸಾಲು, ಭೂಗೋಳ ಒಂದು,
ಕೆಳಗೆ ಜನಸಂಖ್ಯೆ. ಅಕ್ಷರಕ್ಕೆ ಹನ್ನೆರಡು ರೂಪಾಯಿ.
ಒತ್ತಕ್ಷರಕ್ಕೆ ಬೇರೆ ಕೊಡ್ತೀರಾ ಸಾರ್, ಅಂದೆ.
ಅದು ಮೇಲಿನದರ ಕಾಲಡಿ ತಾನೆ ಇರೋದು,
ಜಾಗ ತಿನ್ನುತ್ತಾ, ಅಂದರು.

ಅಂಚೆಕೊಪ್ಪಲು.
ಪ ಕೆಳಗೊಂದು ಪ, ಪುಕ್ಕಟೆ.

ಚರಿತ್ರೆಗೆ ಚೀಟಿ ಕೊಟ್ಟಿದ್ದರು:
ಪುರಾತನ ಕಾಲದಿಂದಲೂ ಪ್ರಸಿದ್ಧವಾದ ಊರು.
ಎಲ್ಲಿಯ ಪುರಾತನ! ನಮ್ಮಜ್ಜನ ಅಜ್ಜ ಹೇಳುತ್ತಿದ್ದನಂತೆ,
ಇಲ್ಲೊಂದು ಹುಣಸೆಮರ, ಮರದಡಿ ಗುಡಿಸಲು,
ಮೇಲುಕೋಟೆ ಕಡೆಯಿಂದ ಓಡಿ ಬಂದ ಅಂಚೆಯವನು
ಗೆಜ್ಜೆಕೋಲು, ತೊಗಲಿನ ಚೀಲ ಇನ್ನೊಬ್ಬನ ಕೈಗಿಟ್ಟು
ಅಲ್ಲೇ ಬಿದ್ದುಕೊಳ್ಳುತ್ತಿದ್ದ.
ಅವನಿಗೆ ಅಂಬಲಿ ಕಾಯಿಸಲು ಒಬ್ಬಳು ಬಂದಳು.
ಅವಳ ಎಮ್ಮೆಗೆ ಹುಲ್ಲು ತರಲು ಇನ್ನೊಬ್ಬ.
ದಣಿದವನು ಏಳದೆ ಉಳಿದ, ಊರಾಯಿತು.

ಆಮೇಲೆ ನಾಲೆ. ಮುದುಕರ ಬಾಯಲ್ಲಿ ಇವತ್ತಿಗೂ ಇರ್ವಿನ್ ನಾಲೆ.
ಅಗೆಯಲು ಬಂದ ಭೋವಿಗಳು ಹಿಂದಕ್ಕೆ ಹೋಗಲಿಲ್ಲ.
ನೀರು ಬಂತು, ನೀರಿನ ಬೆನ್ನಿಗೇ ಚಳಿಜ್ವರ;
ಊರು ಮಾಡಿದ ಮೊದಲ ಬೆಲ್ಲದಚ್ಚೆಲ್ಲ
ಕ್ವಿನೈನಿನ ಕಹಿಗೇ ಖರ್ಚಾಯಿತಂತೆ.
ರಾಗಿ ಹೊಲ ಗದ್ದೆಯಾಯಿತು, ಗದ್ದೆ ಕಬ್ಬಾಯಿತು,
ರೇಷ್ಮೆ ಬಿಚ್ಚುವವರು ಬಂದು ಕೆಳಬೀದಿಯಲ್ಲಿ
ಒಂಬತ್ತು ಒಲೆ ಹೂಡಿದರು. ಹುಳ ಬೆಂದ ವಾಸನೆಗೆ
ಪಂಚಾಯಿತಿಗೆ ಅರ್ಜಿ ಬರೆದವರೇ
ಮೂಗು ಮುಚ್ಚಿಕೊಂಡು ಗೂಡು ಮಾರಲು ಅಲ್ಲಿಗೇ ಹೋದರು.
ಇದಿಷ್ಟೂ ಎರಡು ಸಾಲಿಗೆ ಹಿಡಿಯಲಿಲ್ಲ.
ಚೀಟಿಯಲ್ಲಿದ್ದದ್ದನ್ನೇ ಬರೆದೆ.

ಭೂಗೋಳ: ಸಮುದ್ರಮಟ್ಟದಿಂದ ೨,೨೪೦ ಅಡಿ.
ಸಮುದ್ರ ಕಂಡವರು ಊರಿಗೆಲ್ಲ ನಾಲ್ಕೋ ಐದೋ ಮಂದಿ.
ನಮ್ಮ ಮಟ್ಟ ಬೇರೆ:
ಮೇಲುಬೀದಿಯವರು ಎಣ್ಣೆನೀರು ಹಾಕಿಕೊಂಡ ದಿನ
ಸೀಗೆಪುಡಿ ನೊರೆ ಕೆಳಬೀದಿಯ ಮೋರಿಗೆ
ಹನ್ನೊಂದು ಗಂಟೆಗೆ ಬರುತ್ತದೆ.
ಊರು ಆ ಕಡೆ ವಾಲಿದೆ. ಅದನ್ನು ಬರೆಯುವ ರೂಢಿಯಿಲ್ಲ.

ಜನಸಂಖ್ಯೆ ೯,೪೧೦.
ಇಂಗ್ಲಿಷ್ ಅಂಕಿ ಸಾಕು ಅಂದಿದ್ದರು. ನಾನು ಕನ್ನಡದ್ದೇ ಬರೆದೆ,
ಬ್ರಷ್ಷು ಸಲೀಸಾಗಿ ಸುತ್ತುತ್ತದೆ.
ಮಂಗಳವಾರ ಸಂತೆಗೆ ಬಂದು ಸಂಜೆಗೆ ಹೋಗುವವರು ಇದರಲ್ಲಿಲ್ಲ.
ನಾಲೆ ಏರಿಯ ಮೇಲೆ, ನೀಲಿ ಟಾರ್ಪಾಲಿನಡಿ,
ಹಡಗಲಿ ಕಡೆಯಿಂದ ಕಬ್ಬು ಕಡಿಯಲು ಬಂದವರೂ ಇಲ್ಲ.
ಅವರನ್ನ ಅವರೂರಲ್ಲಿ ಎಣಿಸಿರ್ತಾರೆ ಬುಡು, ಅಂದ ಬಿಲ್ ಕಲೆಕ್ಟರ್.
ಅವರೂರಲ್ಲಿ ಕೇಳಿದರೆ
ಮಂಡ್ಯಕ್ಕೆ ಹೋಗ್ಯಾರ ಅನ್ನುತ್ತಾರೆ.

ಮೊನ್ನೆ ರಾತ್ರಿ ಹಲಗೆ ಒಣಗಲು ಬಿಟ್ಟು
ತೂಬಿನ ಹತ್ತಿರ ಬೀಡಿ ಹಚ್ಚಿದ್ದೆ.
ನರ್ಸ್ ದೇವಾಜಮ್ಮಣ್ಣಿ ಸೀರೆ ಎತ್ತಿ ಕಟ್ಟಿ ಏರಿ ಇಳಿದು ಬಂದರು,
ಕೈಯಲ್ಲಿ ಟಾರ್ಚು, ಮೊಣಕೈವರೆಗೂ ಡೆಟಾಲ್ ವಾಸನೆ.
ಸೋಮ್ಲಿಬಾಯಿಗೆ ಹೆಣ್ಣು, ಅಂದರು.
ಹುಟ್ಟಿ ಗಳಿಗೆ ಹೊತ್ತು ಸುಮ್ಮನಿತ್ತು ಕಣಪ್ಪ,
ಬೆನ್ನು ತಟ್ಟಿದೆ, ತಟ್ಟಿದೆ,
ಆಮೇಲೆ ಬಾಯಿ ಬಿಡ್ತು ನೋಡು, ಏರಿಯೆಲ್ಲ ಎದ್ದು ಕೂತಿತು.
ರಿಜಿಸ್ಟರಿಗೆ ಯಾವೂರು ಅಂತ ಬರೀಲಿ, ಪುಟ್ಟಾಚಾರಿ?

ನಾನು ಉತ್ತರ ಕೊಡಲಿಲ್ಲ. ಬೀಡಿ ಆರಿಸಿದೆ.
ಕನ್ನಡದ ಸೊನ್ನೆ, ಬಾಯಿ ಮುಚ್ಚಿದ ಉಂಗುರ;
ಕೆಳಗೆ ಚೂರು ತೆರೆದರೆ ಒಂದು.
ಬಟ್ಟೆಗೆ ಟರ್ಪೆಂಟೈನ್ ಅದ್ದಿ
ಬೆರಳ ತುದಿಯಷ್ಟು ಒರೆಸಿದೆ.

ಸೊನ್ನೆ ಸರಿಯಾಗಿ ಕೂಡಿಲ್ವಲ್ಲ, ಅಂದರು
ಬೆಳಿಗ್ಗೆ ಬಂದ ಶಾಂತಮಲ್ಲಪ್ಪನವರು.
ಪೇಂಟು ತೆಳುವಾಗಿತ್ತು ಸಾರ್, ಅಂದೆ.
ಹೋದ ವಾರ ಒಂಬತ್ತನೇ ಒಲೆಯ ಖೈರುನ್‌ಬಿ ತೀರಿಕೊಂಡದ್ದು
ಆಗ ನೆನಪಾಯಿತು. ಅದನ್ನು ಕಳೆಯಲು ಹೋಗಲಿಲ್ಲ.
ಅಂಕಿಗೆ ಹೇಗೂ ಕಾಸಿಲ್ಲ, ಒತ್ತಕ್ಷರದ ಹಾಗೆ.
ಬಿಲ್ಲಿನಲ್ಲಿ ಅಕ್ಷರಗಳನ್ನಷ್ಟೆ ಎಣಿಸಿ
ಕೆಳಗೆ ಸಹಿ ಮಾಡಿಸಿಕೊಂಡರು.